ಓಡುವ ಮಗ್ಗಕ್ಕೆ ಕೈ

ಬನಹಟ್ಟಿಯ ಮಲ್ಲಪ್ಪ ಕಾಕಾನ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ಅವು ಓಡುವಾಗ ನೆಲ, ಗೋಡೆ, ಚಹಾದ ಕಪ್ಪು ಎಲ್ಲ ನಡುಗುತ್ತವೆ. ಹಾಗಾಗಿ ಕಾಕಾನ ಬಲಗೈ ನಡುಗುವುದು ಬಹಳ ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಮ್ಮೆ ಕರೆಂಟ್ ಹೋಗಿ ಮಗ್ಗ ನಿಂತವು, ಕೈ ನಿಲ್ಲಲಿಲ್ಲ.

ಈಗ ಅದು ಗುಳಿಗೆಗೂ ಬಗ್ಗುತ್ತಿರಲಿಲ್ಲ. ಕಾಕಾನಿಗೆ ಫಿಸಿಯೋಥೆರಪಿ ಮಾಡಿಸಲು ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತಿದ್ದ ನನ್ನ ಕೈಯಲ್ಲಿ ದೊಡ್ಡ ಡಾಕ್ಟರು ಆಪರೇಷನ್ನಿನ ಒಪ್ಪಿಗೆ ಫಾರ್ಮು ಕೊಟ್ಟು, ತಿಳಿಸಿ ಹೇಳಿ ಎಂದು ಕಳಿಸಿದ್ದರು. ಅವತ್ತೂ ಕರೆಂಟ್ ಇರಲಿಲ್ಲ.

"ತಲಿಬುರುಡಿಗೆ ತೂತು ಕೊರದು ಮಿದುಳಿಗೆ ಸಣ್ಣ ತಂತಿ ಇಳಸ್ತಾರ ಕಾಕಾ. ನೀವು ಎಚ್ಚರ ಇರಬೇಕಾಗತೈತಿ."

"ಎಚ್ಚರ ಯಾಕ್ರಿ ಸರ?"

"ನಡಗೂದು ನಿಂತತೋ ಇಲ್ಲೋ ಅಂತ ಅಲ್ಲೇ ನೋಡ್ತಾರ್ರಿ."

ಕಾಕಾ ನಡುಗುವ ಆ ಬಲಗೈಯನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ಎರಡು ಬೆರಳಿರಲಿಲ್ಲ.

"ಓಡೋ ಮಗ್ಗಕ್ಕ ಕೈ ಹಾಕಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳ್ಕೋತ ಬಂದಾಂವ ನಾನು. ಬಂದ್ ಮಾಡಿದ್ರ ತಪ್ಪು ಎಲ್ಲೈತಿ ಗೊತ್ತಾಗೂದಿಲ್ಲಂತ ಒಮ್ಮಿ ನಾನ ಹಾಕಿದೆ. ನಿಮ್ಮ ಡಾಕ್ಟರೂ ಹಂಗ ಹಾಕ್ತಾರೇನ್ರಿ?"

"ಅವರಿಗೆ ರೂಢಿ ಐತ್ರಿ."

"ನನಗೂ ಇತ್ತು."

ಅಷ್ಟರಲ್ಲಿ ಕರೆಂಟ್ ಬಂದು ಮಗ್ಗಗಳು ಶುರುವಾದವು. ಇಷ್ಟು ವರ್ಷ ಸಹಿ ಮಾಡಿದ ಮನುಷ್ಯ ಎಡಗೈ ಹೆಬ್ಬೆಟ್ಟು ಮುಂದೆ ಚಾಚಿದರು.

"ಹಾಳಿ ಗಟ್ಟಿ ಹಿಡೀರಿ, ಒತ್ತತೇನಿ. ಹಿಂಗ ಬದುಕೂದರಕಿಂತ ಅದ ಛಲೋ."

ಗಟ್ಟಿಯಾಗಿಯೇ ಹಿಡಿದೆ. ಆದರೂ ನನ್ನ ಕೈ ನಡುಗುತ್ತಿತ್ತು. ಮಗ್ಗ ಓಡುವ ಮನೆಯಲ್ಲಿ ಇದೊಂದು ಅನುಕೂಲ, ಯಾರಿಗೂ ಗೊತ್ತಾಗುವುದಿಲ್ಲ.