ಬೇಯದ ಬೂದಿ

ನನ್ನ ಮಗಳು ಕೃತಿಕಾ ಎಂ.ಎಸ್ಸಿ. ಓದಿ ಹಿಡಿದದ್ದು ಹೇಸಿಗೆ ಬಳಿಯುವ ಕೆಲಸ. ಕರಾವಳಿಯ ಪ್ರಯೋಗಾಲಯವೊಂದರಲ್ಲಿ ಕೂತು ಸಮುದ್ರದ ಕಪ್ಪೆಚಿಪ್ಪುಗಳ ಹಿಕ್ಕೆಯನ್ನು ಸಣ್ಣ ಕೊಳವೆಯಲ್ಲಿ ಎಳೆದು ಒಟ್ಟುಮಾಡಬೇಕು. ಥೂ! ಪಂಚನಹಳ್ಳಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಶುಚಿತ್ವದ ಪಾಠ ಹೇಳಿದ ಮೇಷ್ಟರಮ್ಮ ನಾನು. ಮೊಟ್ಟೆ ಸಹ ಒಳಗೆ ಬಾರದ ಮನೆ ನಮ್ಮದು. ಅವಳು ಬೀರೂರಿನಲ್ಲಿ ರೈಲಿಳಿದು ಬಂದಾಗಲೆಲ್ಲ ಹಿತ್ತಲಲ್ಲೇ ನಿಲ್ಲಿಸಿ ಎರಡು ಸಲ ಕೈ ತೊಳೆಸುತ್ತಿದ್ದೆ. ಆದರೂ ಅವಳು ತಟ್ಟಿದ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಅಮ್ಮ, ಅವು ನೀರು ಸೋಸಿ ತಿಂತಾವೆ. ತಿಂದಿದ್ರಲ್ಲಿ ಮೈಗೆ ಹತ್ತಿದ್ದೆಷ್ಟು ಅಂತ ಹೊರಗೆ ಹಾಕಿದ್ದನ್ನ ನೋಡಿದ್ರೇನೇ ಗೊತ್ತಾಗೋದು."

"ಉಣ್ಣೋ ಹೊತ್ನಲ್ಲಿ ಬಾಯ್ಮುಚ್ಚೇ!"

ತಿನ್ನಿಸಿದ ಪಾಚಿಯನ್ನೂ ಹಿಕ್ಕೆಯನ್ನೂ ಒಣಗಿಸಿ ತೂಗುತ್ತಾರೆ. ಕುಲುಮೆಯಲ್ಲಿ ಸುಟ್ಟು ಬೂದಿಯನ್ನು ಮತ್ತೆ ತೂಗುತ್ತಾರೆ. ಸುಟ್ಟುಹೋದದ್ದು ಸತ್ವ. ಹಿಕ್ಕೆಯಲ್ಲಿ ಸತ್ವ ಕಡಿಮೆ ಇದ್ದಷ್ಟೂ ಮೈಗೆ ಹೆಚ್ಚು ಹತ್ತಿದೆ ಎಂದರ್ಥ. ಕೃತಿಕಾಳ ಲೆಕ್ಕದಲ್ಲಿ ನೂರಕ್ಕೆ ಎಂಬತ್ತೊಂದು ಪಾಲು ಮೈಗೆ ಹತ್ತಿತ್ತು. ಅವಳ ಸಾಹೇಬರು ಕುಣಿದಾಡಿದರಂತೆ.

ನಮ್ಮ ಯಜಮಾನರು ಪಂಚಾಕ್ಷರಪ್ಪ ಸೆಗಣಿ ಉಂಡೆ ಸುಟ್ಟು ಮಠಕ್ಕೆ ವಿಭೂತಿ ಮಾಡಿಕೊಡುವವರು. ಯುಗಾದಿಗೆ ಬಂದವಳು ಮೊಬೈಲಿನಲ್ಲಿ ತನ್ನ ಹಿಕ್ಕೆ ಬೂದಿಯ ಫೋಟೋ ತೋರಿಸಿದಳು. ನಾನು ಮುಖ ತಿರುಗಿಸಿದೆ. ಇವರು ಕನ್ನಡಕ ಏರಿಸಿಕೊಂಡು ನೋಡಿದರು.

"ಬೆಂದಿಲ್ಲ ಕಣಮ್ಮ ಇದು. ಒಳಗೆ ಕರ್ರಗೈತೆ."

"ಅದು ನೀರಿನ ಜೊತೆ ಒಳಗೆ ಹೋದ ಮಣ್ಣಿನ ಬಣ್ಣ ಅಂದ್ರು ಸಾಹೇಬ್ರು."

"ಮಸಿ ಯಾವ್ದು ಮಣ್ಣು ಯಾವ್ದು ನಂಗೊತ್ತಿಲ್ವಾ? ಇನ್ನೊಂದ್ಸಲ ಸುಡು, ತೂಕ ಇಳೀತೈತೆ."

ಹಾಗೇ ಆಯಿತು. ಹಳೆಯ ಕುಲುಮೆಯಲ್ಲಿ ಕಾವೇ ಇರಲಿಲ್ಲ. ಬೇರೆಯದರಲ್ಲಿ ಸುಟ್ಟಾಗ ಬೂದಿ ಬೆಳ್ಳಗಾಯಿತು, ಹಿಕ್ಕೆಯಲ್ಲಿ ಸತ್ವ ಇನ್ನೂ ಹೆಚ್ಚಿತ್ತೆಂದು ತಿಳಿದು ಎಂಬತ್ತೊಂದು ಐವತ್ತಾರಕ್ಕೆ ಇಳಿಯಿತು. ಸಾಹೇಬರು ಹಳೆಯ ಲೆಕ್ಕವೇ ಇರಲಿ, ವರದಿಗೆ ಸಹಿ ಹಾಕಿದರೆ ನಿನ್ನ ಕೆಲಸ ಮುಂದುವರಿಯುತ್ತದೆ ಎಂದರಂತೆ. ಇವಳು ಹಾಕಲಿಲ್ಲ. ಸೂಟ್‌ಕೇಸ್ ಹಿಡಿದು ಮನೆಗೆ ಬಂದಳು. ಅವತ್ತೂ ಹಿತ್ತಲಲ್ಲಿ ಕೈ ತೊಳೆಸಿದೆ ನಾನು, ಬುದ್ಧಿಗೇಡಿ.

ತಿಂಗಳ ಮೇಲೆ ಅಂಚೆಯಲ್ಲಿ ವರದಿ ಬಂತು. ಹೊಳೆಯುವ ಕಾಗದ, ದಪ್ಪಕ್ಷರದಲ್ಲಿ ಎಂಬತ್ತೊಂದು, ಕೆಳಗೆ ನನ್ನ ಮಗಳ ಹೆಸರು. ಸಹಿ ಹಾಕದಿದ್ದರೂ ಹೆಸರು ಅಚ್ಚು ಹಾಕಿಬಿಟ್ಟಿದ್ದರು. ಕೃತಿಕಾ ಮೊದಲ ಪುಟದ ಫೋಟೋ ತೆಗೆದುಕೊಂಡು, ಹೆಸರು ತೆಗೆಯಿರಿ ಎಂದು ಪತ್ರ ಬರೆಯಲು ಕೂತಳು. ನಾನು ಎರಡು ಬೆರಳಲ್ಲಿ ಆ ವರದಿಯನ್ನು ಹಿಡಿದು, ಉರಿಯುತ್ತಿದ್ದ ಸೆಗಣಿ ಗೂಡಿನ ಹತ್ತಿರ ಹೋದೆ. ಇವರು ಅಡ್ಡ ನಿಂತರು.

"ಇದ್ರೊಳಗೆ ಹಾಕ್ಬೇಡ ಕಣೇ. ವಿಭೂತಿ ಕೆಡ್ತೈತೆ."

ಬಚ್ಚಲ ಒಲೆಗೆ ತುರುಕಿದೆ. ಎರಡು ಸಲ ಕೈ ತೊಳೆದುಕೊಂಡು ಒಳಗೆ ಬಂದು, ಕೃತಿಕಾ ತಟ್ಟಿಟ್ಟಿದ್ದ ರೊಟ್ಟಿ ಮುರಿದು ತಿಂದೆ.