ಹೆಬ್ಬೆರಳು ಮಾತ್ರ ಬೇಡ

ನನಗೆ ನಾಡಿ ಎಣಿಸೋದು ಕಲಿಸಿದ್ದು ಕೋಚ್ ಸರ್ ಅಲ್ಲ, ಅಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಚಾಮರಾಜಪೇಟೆಯ ನಮ್ಮ ಅಡುಗೆಮನೆಯಲ್ಲಿ, ಒಲೆ ಮೇಲೆ ಹಾಲಿಟ್ಟುಕೊಂಡೇ ನನ್ನ ಮಣಿಕಟ್ಟು ಹಿಡಿದು ತೋರಿಸಿದಳು. "ಮೂರು ಬೆರಳು ಇಡು. ಹೆಬ್ಬೆರಳು ಮಾತ್ರ ಬೇಡ. ಅದ್ರಲ್ಲೇ ಒಂದು ನಾಡಿ ಹೊಡ್ಕೊಳ್ತಿರುತ್ತೆ. ಪೇಷಂಟ್‌ದು ಬಿಟ್ಟು ನಿಂದೇ ಎಣಿಸ್ಕೊಂಡು ಕೂತಿರ್ತೀಯ." ಹೊಸದಾಗಿ ಕೆಲಸಕ್ಕೆ ಬಂದ ಹುಡುಗೀರು ಮಾಡೋ ಮೊದಲ ತಪ್ಪೇ ಇದಂತೆ. ಹೇಳಿ ನಕ್ಕಿದ್ದಳು.

ಅದು ತೊಂಬತ್ತರ ದಶಕದ ಕೊನೆ. ಎದೆಬಡಿತ ತೋರಿಸೋ ವಾಚುಗಳು ಎಲ್ಲೋ ಫಾರಿನ್‌ನಲ್ಲಿವೆ ಅಂತ ಕೇಳಿದ್ದೆವು, ಅಷ್ಟೇ. ನಮ್ಮ ಕೋಚ್ ಸರ್ ಹತ್ತಿರ ಇದ್ದದ್ದು ಒಂದು ಸ್ಟಾಪ್‌ವಾಚು, ಮತ್ತೆ ಬೇಕಾದಷ್ಟು ಹಟ. ಓಡುವಾಗ ಹತ್ತು ಸೆಕೆಂಡಿಗೆ ಇಪ್ಪತ್ತೈದು ಬಡಿತ ದಾಟಕೂಡದು, ದಾಟಿದರೆ ನಡೀಬೇಕು. ಶನಿವಾರ ಎರಡೂವರೆ ಗಂಟೆ ಓಟ, ಭಾನುವಾರ ಏರು ರಸ್ತೆಯಲ್ಲಿ ಎಂಟು ಸಲ. ಸೋಮವಾರ ಹಾಸಿಗೆ ಬಿಟ್ಟು ಏಳೋ ಮೊದಲೇ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದು ತರಬೇಕು. ನನ್ನದು ಮಾಮೂಲಿ ಐವತ್ತೆರಡು. ಐವತ್ತೆಂಟು ದಾಟಿದರೆ ಮೈ ಸುಧಾರಿಸಿಕೊಂಡಿಲ್ಲ ಅಂತ ಅರ್ಥ, ಮೈಸೂರಿನಲ್ಲಿ ನಡೆಯೋ ದೂರದ ಓಟದ ಸ್ಪರ್ಧೆಗೆ ನನ್ನ ಹೆಸರಿಲ್ಲ.

ಅಮ್ಮ ಅದಕ್ಕೆ ತನ್ನದೊಂದು ಷರತ್ತು ಸೇರಿಸಿದ್ದಳು. "ಈ ಸಲ ಹೆಸರು ಬರ್ಲಿಲ್ವಾ, ಶೂ ಅಟ್ಟಕ್ಕೆ. ಸುಮ್ನೆ ಕಂಪ್ಯೂಟರ್ ಕ್ಲಾಸಿಗೆ ಸೇರ್ಕೋ." ಆಯ್ತು ಅಂತ ಒಪ್ಪಿದ್ದೆ. ಹೆಸರು ಬಾರದೆ ಎಲ್ಲಿ ಹೋಗುತ್ತೆ? ನಮ್ಮ ಗುಂಪಿನಲ್ಲಿ ನನ್ನಷ್ಟು ದೂರ ಓಡೋ ಹುಡುಗಿ ಇನ್ನೊಬ್ಬಳಿರಲಿಲ್ಲ. ಅದು ನನಗೂ ಗೊತ್ತಿತ್ತು, ಕೋಚ್ ಸರ್‌ಗೂ ಗೊತ್ತಿತ್ತು. ತೊಂದರೆ ಇದ್ದದ್ದು ಕಾಲಿನದಲ್ಲ, ಕೋಪದ್ದು. ಅದು ಯಾವಾಗಲೂ ಮೂಗಿನ ತುದಿಯಲ್ಲೇ. ನಿಧಾನವಾಗಿ ಓಡು ಅಂದರೆ ಸಾಕು, ರೇಗಿಹೋಗುತ್ತಿತ್ತು.

ಹೆಸರು ಆರಿಸೋ ಸೋಮವಾರಕ್ಕೆ ಎರಡು ದಿನ ಮೊದಲು, ಶನಿವಾರ ಬೆಳಿಗ್ಗೆ ಗವಿಪುರದ ಕಡೆಯಿಂದ ಬಸವನಗುಡಿಗೆ ಓಡುತ್ತಾ, ಇಪ್ಪತ್ತು ನಿಮಿಷಕ್ಕೊಂದು ಸಲ ನಿಂತು ಕುತ್ತಿಗೆಗೆ ಬೆರಳು ಒತ್ತಿಕೊಳ್ಳುತ್ತಿದ್ದೆ. ಹೂವು ಮಾರುತ್ತಿದ್ದ ಹೆಂಗಸು, "ಯಾಕಮ್ಮ, ಗಂಟಲು ನೋವಾ? ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು" ಅಂದಳು. ಅಲ್ಲೇ ಎಣಿಕೆ ತಪ್ಪಿತು. ಇನ್ನೊಂದು ಸಲ ಎಣಿಸಿದರೆ ಇಪ್ಪತ್ತೆಂಟು. ನಡೆಯತೊಡಗಿದೆ. ಮಂಕಿ ಕ್ಯಾಪ್ ಹಾಕಿಕೊಂಡ ಒಬ್ಬರು ತಾತ ವಾಕಿಂಗ್ ಮಾಡಿಕೊಂಡೇ ನನ್ನನ್ನು ದಾಟಿ ಹೋದರು. ಹೋಗಲಿ ಅಂದುಕೊಂಡರೆ ತಿರುಗಿ ನೋಡಿ, "ನಿಧಾನ ಒಳ್ಳೇದಮ್ಮ" ಅಂದರು. ಮೈಯೆಲ್ಲಾ ಉರಿದುಹೋಯಿತು. ಎಣಿಕೆಯೂ ಬೇಡ ಏನೂ ಬೇಡ ಅಂತ ಉಳಿದ ದೂರವನ್ನೆಲ್ಲಾ ನನಗೆ ತೋಚಿದ ಹಾಗೆ ಓಡಿ, ಮನೆಗೆ ಬಂದು, ಏಳು ಸಾಲಿನಲ್ಲೂ ಇಪ್ಪತ್ತೈದು ಅಂತ ಬರೆದಿಟ್ಟೆ.

ಮಧ್ಯಾಹ್ನ ಅಮ್ಮ ಆ ನೋಟ್‌ಬುಕ್ ತೆರೆದು ನೋಡಿದಳು.

"ಏಳೂ ಇಪ್ಪತ್ತೈದೇನಾ? ನಮ್ಮನೆ ಗಡಿಯಾರಕ್ಕೂ ಇಷ್ಟು ಶಿಸ್ತಿಲ್ವಲ್ಲೇ!"

"ನನ್ನ ಓಟ, ನನ್ನ ನಾಡಿ. ನಿಂಗೇನು?"

"ನಾಡಿ ನಿಂದೇ ಕಣೇ. ಬರೆದಿರೋದು ಯಾರ್ದು? ನಾನು ವಾರ್ಡಲ್ಲಿ ಹೀಗೆ ಕೂತಲ್ಲೇ ಬರೆದಿದ್ರೆ ಎಷ್ಟು ಜನ ಹೋಗ್ಬಿಡ್ತಿದ್ರು ಗೊತ್ತಾ?"

ನಾಚಿಕೆಯಾಯಿತು. ನಾಚಿಕೆಯಾಗಿದ್ದಕ್ಕೂ ಕೋಪ ಬಂತು. ಕೊನೆಗೆ ಏಳನ್ನೂ ಹೊಡೆದುಹಾಕಿ, ನೆನಪಿದ್ದ ಒಂದೇ ಒಂದು ಇಪ್ಪತ್ತೆಂಟನ್ನು ಬರೆದೆ.

ಭಾನುವಾರ ಅಮ್ಮನಿಗೆ ವಾರದ ರಜೆ. ಕರೆಯದಿದ್ದರೂ, ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು, ಫ್ಲಾಸ್ಕ್ ಹಿಡಿದು, ಗವಿಪುರದ ಏರಿನ ಬುಡದಲ್ಲಿ ಒಂದು ಕಟ್ಟೆ ಮೇಲೆ ಬಂದು ಕೂತಳು. ಒಂದು ಸಲ ಹತ್ತಿ ಇಳಿದ ಮೇಲೆ, ಬಡಿತ ಹತ್ತು ಸೆಕೆಂಡಿಗೆ ಇಪ್ಪತ್ತಕ್ಕೆ ಇಳಿಯೋ ತನಕ ಮತ್ತೆ ಹತ್ತುವ ಹಾಗಿಲ್ಲ. ನಾನು ಕೈ ಚಾಚಬೇಕು, ಅವಳು ಮೂರು ಬೆರಳಿಟ್ಟು ವಾಚು ನೋಡಬೇಕು.

"ಇಪ್ಪತ್ತಮೂರು. ನಿಂತ್ಕೋ."

ಸ್ವಲ್ಪ ಹೊತ್ತಾಯಿತು. "ಇಪ್ಪತ್ತಮೂರೇ."

"ಬೇಕಂತಲೇ ಜಾಸ್ತಿ ಹೇಳ್ತಿದೀಯ! ನಾನು ಓಡೋದು ನಿಂಗೆ ಮೊದಲಿಂದಲೂ ಇಷ್ಟ ಇಲ್ಲ!" ಅಂತ ನಡುಬೀದಿಯಲ್ಲೇ ಕೂಗಾಡಿದೆ. ದೇವಸ್ಥಾನಕ್ಕೆ ಹೊರಟಿದ್ದವರು ನಿಂತು ನೋಡಿದರು. ಅಮ್ಮ ಬೆರಳು ತೆಗೆಯಲೇ ಇಲ್ಲ.

"ಇಪ್ಪತ್ತನಾಲ್ಕು. ಬೈದಿದ್ದಕ್ಕೆ ಒಂದು ಜಾಸ್ತಿ ಆಯ್ತು ನೋಡು."

ನಗು ತಡೆಯೋಕೆ ಆಗಲಿಲ್ಲ. ಇಬ್ಬರೂ ನಕ್ಕೆವು. ನಕ್ಕು ಸುಸ್ತಾದ ಮೇಲೆ ನೋಡಿದರೆ ಇಪ್ಪತ್ತು. ಅಲ್ಲಿಂದ ಮುಂದೆ ಜಗಳವಿಲ್ಲ. ಐದನೇ ಸಲಕ್ಕೆ ತೊಡೆ ಕಲ್ಲಾಯಿತು, ಏಳನೇ ಸಲಕ್ಕೆ ಮೊಣಕಾಲು ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಆದರೂ ಎಂಟನ್ನೂ ಮುಗಿಸಿದೆ, ಒಂದೂ ಸುಳ್ಳಿಲ್ಲದೆ. ಆ ದಿನ ಮನೆ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಹತ್ತಿದ್ದು ನಿಜ, ಆದರೆ ರಾಣಿಯ ಹಾಗೇ ಹತ್ತಿದೆ.

ಸೋಮವಾರ ನಾನು ಕಣ್ಣು ಬಿಡುವ ಮೊದಲೇ ಅಮ್ಮ ಹಾಸಿಗೆ ಪಕ್ಕ ಕೂತಿದ್ದಳು. ಬೆಳಗಿನ ಡ್ಯೂಟಿಗೆ ಯೂನಿಫಾರ್ಮಿನ ಬಿಳಿ ಸೀರೆ ಉಟ್ಟಾಗಿತ್ತು. "ಅಲ್ಲಾಡ್ಬೇಡ" ಅಂತ ಕೈ ಹಿಡಿದಳು. ನಾನು ಕಣ್ಣು ಮುಚ್ಚಿಕೊಂಡೇ, ಮೈಸೂರನ್ನು ನೆನೆಯಬಾರದು, ಅಟ್ಟವನ್ನು ನೆನೆಯಬಾರದು ಅಂತ ಮಲಗಿದ್ದೆ. ಹೊರಗೆ ಹಾಲಿನವನ ಸೈಕಲ್ ಬೆಲ್ಲು. ಒಂದು ನಿಮಿಷ ಅಷ್ಟು ಉದ್ದ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ.

"ಎಂಬತ್ತೆಂಟು" ಅಂದಳು. ಅವಳ ದನಿ ಸತ್ತುಹೋಗಿತ್ತು.

ಎಂಬತ್ತೆಂಟಾ! ಮುಗೀತು, ಶೂ ಅಟ್ಟಕ್ಕೆ. ಕೂಗಾಡೋಣ ಅಂತಲೇ ಕಣ್ಣು ಬಿಟ್ಟೆ. ಬಿಟ್ಟರೆ ಕಂಡದ್ದು ನನ್ನ ಮಣಿಕಟ್ಟು, ಅದರ ಮೇಲೆ ಬಿಗಿಯಾಗಿ ಒತ್ತಿಕೊಂಡಿದ್ದ ಅವಳ ಹೆಬ್ಬೆರಳು. ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ಸಾವಿರಾರು ಜನರ ಕೈ ಹಿಡಿದವಳು, ಒಂದು ನಿಮಿಷ ಪೂರ್ತಿ ತನ್ನ ಎದೆಯನ್ನೇ ಎಣಿಸಿದ್ದಳು.

"ಅಮ್ಮ, ಹೆಬ್ಬೆರಳು" ಅಂದೆ ಮೆಲ್ಲಗೆ.

ಅವಳು ತನ್ನ ಕೈಯನ್ನೇ ಬೇರೆ ಯಾರದೋ ಎನ್ನುವ ಹಾಗೆ ನೋಡಿದಳು. ಸೆರಗಿಗೆ ಒರೆಸಿಕೊಂಡು, ಈ ಸಲ ಮೂರು ಬೆರಳಿಟ್ಟು, ವಾಚಿನ ಕಡೆ ತಿರುಗಿದಳು.

"ಐವತ್ತಾರು. ಬರಿ."

ಬರೆದೆ. ಅಮ್ಮ ಎದ್ದು, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದಳು. ಚಪ್ಪಲಿ ಮೆಟ್ಟುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು. "ಮೈಸೂರಿಗೆ ಯಾವತ್ತು ಹೊರಡೋದು ಅಂತ ನಿಮ್ಮ ಕೋಚ್‌ನ ಕೇಳ್ಕೊಂಡು ಬಾ. ನಾನು ರಜಾ ಹಾಕ್ಬೇಕು."