ಎದೆಯಲ್ಲಿ ಕೂತ ಲ್ಯಾಬಿನ ಧೂಳು

ಬನಶಂಕರಿ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದಾಗ ಅರ್ಧಕ್ಕೇ ಉಸಿರು ಕಟ್ಟಿತು. ಕಂಬಿ ಹಿಡಿದು ನಿಂತೆ. ಹಿಂದೆ ಬಂದವರು ಪಕ್ಕಕ್ಕೆ ಸರಿದು ಮುಂದೆ ಹೋದರು. ನಲವತ್ತು ದಾಟಿತಲ್ಲ, ರಕ್ತ ಕಡಿಮೆಯಿರಬೇಕು ಅಂದುಕೊಂಡು ಕೆಲಸಕ್ಕೆ ಹೋದೆ.

ನನ್ನ ಕೆಲಸ ಜಯನಗರದ ಒಂದು ಡೆಂಟಲ್ ಲ್ಯಾಬ್‌ನಲ್ಲಿ. ದಂತವೈದ್ಯರು ಕಳಿಸುವ ಅಳತೆಗೆ ಹಲ್ಲಿನ ಕ್ಯಾಪ್ ಮಾಡಿಕೊಡುವ ಜಾಗ. ಎರಕ ಹೊಯ್ದ ಅಚ್ಚನ್ನು ಒಡೆದು ಕ್ಯಾಪ್ ತೆಗೆಯುವುದು, ಉಜ್ಜಿ ನುಣುಪು ಮಾಡುವುದು ನಾನು ಮತ್ತು ರೇಣುಕಾ. ವರ್ಷಗಳಿಂದ ಅಕ್ಕಪಕ್ಕ ಕೂತವರು. ಎಸಿ ಇದ್ದುದರಿಂದ ಕಿಟಕಿ ತೆರೆಯುವಂತಿರಲಿಲ್ಲ. ಧೂಳು ಎಳೆಯುವ ಮಷೀನ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಸಂಜೆಯ ಹೊತ್ತಿಗೆ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿರುತ್ತಿದ್ದವು. ಅಜ್ಜಿಯರಾದೆವು ಅಂತ ಇಬ್ಬರೂ ನಗುತ್ತಿದ್ದೆವು.

ಆಮೇಲೆ ಕೆಮ್ಮು ಹತ್ತಿತು. ತೂಕ ಇಳಿಯಿತು. ಹೊಸಕೆರೆಹಳ್ಳಿಯಲ್ಲಿ ನಮ್ಮ ಮನೆ ಹತ್ತಿರದ ಡಾಕ್ಟರು ಎಕ್ಸ್‌ರೇ ನೋಡಿ ಟಿಬಿ ಇರಬಹುದು ಎಂದರು. ಕಫದ ಟೆಸ್ಟ್‌ನಲ್ಲಿ ಏನೂ ಸಿಗಲಿಲ್ಲ. ಆದರೂ ಮಾತ್ರೆ ಶುರುವಾಯಿತು. ಅತ್ತೆ ನನ್ನ ತಟ್ಟೆ, ಲೋಟ ಬೇರೆ ಇಟ್ಟರು. ಮಗಳು ಸಿಂಚನಾಳನ್ನು ತಮ್ಮ ಪಕ್ಕ ಮಲಗಿಸಿಕೊಂಡರು. ಅದು ತಪ್ಪೆಂದು ನನಗೂ ಅನ್ನಿಸಲಿಲ್ಲ. ಮಗು ಹತ್ತಿರ ಬಂದರೆ ನಾನೇ ಬಾಯಿಗೆ ಸೆರಗು ಒತ್ತಿಕೊಂಡು ಆಚೆ ತಿರುಗುತ್ತಿದ್ದೆ.

ಮಾತ್ರೆ ಮುಗಿಯುತ್ತ ಬಂದರೂ ಕೆಮ್ಮು ನಿಲ್ಲಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿದ್ದ ಲೇಡಿ ಡಾಕ್ಟರು ಸ್ಕ್ಯಾನ್ ನೋಡುತ್ತ, ಅಲ್ಲಿಯವರೆಗೆ ಯಾರೂ ಕೇಳದಿದ್ದುದನ್ನು ಕೇಳಿದರು.

"ಏನ್ ಕೆಲ್ಸ ಮಾಡ್ತೀರಮ್ಮ?"

ಹೇಳಿದೆ. ಎಂಥ ಮಾಸ್ಕ್ ಕೊಡ್ತಾರೆ ಎಂದು ಕೇಳಿದರು. ತೆಳ್ಳಗಿನ ನೀಲಿ ಮಾಸ್ಕ್ ಎಂದೆ.

"ಇದು ಟಿಬಿ ಅಲ್ಲ, ಸಿಲಿಕೋಸಿಸ್. ಆ ಅಚ್ಚಿನ ಧೂಳು ಶ್ವಾಸಕೋಶದಲ್ಲಿ ಕೂತ್ಬಿಟ್ಟಿದೆ. ಇನ್ನು ಅದನ್ನ ತೆಗೆಯೋಕಾಗಲ್ಲ."

ತೆಗೆಯೋಕಾಗಲ್ಲ.

ನನ್ನ ಗಂಡ ನಾಗರಾಜ್ ಆಪರೇಷನ್ ಏನಾದರೂ ಇದೆಯಾ ಎಂದು ಎರಡು ಸಲ ಕೇಳಿದರು. ಇಲ್ಲವಂತೆ. ಇನ್ನು ಮೇಲೆ ಧೂಳು ತಾಗದಿದ್ದರೆ ಜಾಸ್ತಿಯಾಗದೆ ಇರಬಹುದು, ಅಷ್ಟೇ. ಇದು ಕೆಲಸದಿಂದ ಬಂದ ಕಾಯಿಲೆ, ಸರ್ಕಾರಕ್ಕೆ ತಾನು ತಿಳಿಸಲೇಬೇಕು ಎಂದರು ಡಾಕ್ಟರು. ಇಎಸ್‌ಐ ಇರುವುದರಿಂದ ಚಿಕಿತ್ಸೆ ನನ್ನ ಹಕ್ಕು, ಕಾಯಿಲೆಯ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ ಎಂದೂ ಹೇಳಿದರು. ಧೂಳು ಹೊರಗೆ ಹೋಗುವ ವ್ಯವಸ್ಥೆ ಮಾಡುವುದು, ನಮ್ಮನ್ನು ಆಗಾಗ ತಪಾಸಣೆ ಮಾಡಿಸುವುದು ಓನರ್ ಕರ್ತವ್ಯವಂತೆ. ಅಷ್ಟು ವರ್ಷದಲ್ಲಿ ಲ್ಯಾಬಿನಲ್ಲಿ ನಮ್ಮ ಎದೆಯ ಮೇಲೆ ಯಾರೂ ಸ್ಟೆತಸ್ಕೋಪ್ ಇಟ್ಟಿರಲಿಲ್ಲ.

ನನ್ನ ತಲೆಯಲ್ಲಿದ್ದವಳು ರೇಣುಕಾ. ಅವಳಿಗೂ ಕೆಮ್ಮಿತ್ತು. ಶುಂಠಿ ಕಷಾಯ ಕುಡಿ ಎಂದು ನಾನೇ ಹೇಳಿದ್ದೆ.

ಓನರ್ ಮಾಧವ ಸಾರ್ ಕೆಟ್ಟವರಲ್ಲ. ಸಿಂಚನಾ ಹುಟ್ಟಿದಾಗ ಆಸ್ಪತ್ರೆಗೇ ಬಂದು ನೋಡಿಕೊಂಡು ಹೋದವರು. ಈ ಸಲ ಮನೆಗೆ ಬಂದರು. ಅತ್ತೆ ಕೊಟ್ಟ ಕಾಫಿಯನ್ನು ಕೈಯಲ್ಲೇ ಹಿಡಿದು ಕೂತರು.

"ಟ್ರೀಟ್‌ಮೆಂಟ್ ಪೂರ್ತಿ ನನ್ನ ಜವಾಬ್ದಾರಿ, ಮಂಜುಳಾ. ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಂದು ಕೇಳಿದ್ರೆ, ಧೂಳಿನ ಮಷೀನ್ ಓಡ್ತಿತ್ತು ಅನ್ನಿ. ಇಲ್ಲಾಂದ್ರೆ ಲ್ಯಾಬ್ ಮುಚ್ಚಿಸ್ತಾರೆ. ಎಲ್ರೂ ಬೀದಿಗೆ ಬೀಳ್ತೀವಿ."

ಅವರು ಹೋದ ಮೇಲೆ ರೇಣುಕಾ ಫೋನ್ ಮಾಡಿದಳು. ಗಂಡ ಬಿಟ್ಟುಹೋದ ಮೇಲೆ ಅವಳ ಮನೆ ನಡೆಯುತ್ತಿದ್ದುದು ಆ ಕೆಲಸದಿಂದಲೇ.

"ಅಕ್ಕಾ, ಹೇಳ್ಬೇಡ. ನಂಗೆ ಈ ಕೆಲ್ಸ ಬೇಕು."

ಅಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿದಳು. ಒಣ ಕೆಮ್ಮು. ಒಳಗಿನಿಂದ ಏನೋ ಕೆರೆದಂತೆ. ಅದು ನನ್ನದೇ ಕೆಮ್ಮು.

ಇನ್‌ಸ್ಪೆಕ್ಟರ್ ಲ್ಯಾಬಿಗೆ ವಿಚಾರಣೆಗೆ ಬಂದ ದಿನ ಮಾಧವ ಸಾರ್ ಎದುರಿಗೇ ನಿಂತಿದ್ದರು. ಕೆಲಸ ಹೋಗುತ್ತದೆಂಬ ಭಯ, ಉಪ್ಪು ತಿಂದ ಮನೆಗೆ ಎದುರಾಡುತ್ತಿದ್ದೇನೆಂಬ ಭಯ, ಎಲ್ಲಕ್ಕಿಂತ ಹೆಚ್ಚಾಗಿ ರೇಣುಕಾಳ ಆ ಕೆಮ್ಮಿನ ಭಯ. ಮಷೀನ್ ಓಡುತ್ತಿರಲಿಲ್ಲ ಎಂದೆ. ರೇಣುಕಾಳಿಗೂ ಸ್ಕ್ಯಾನ್ ಮಾಡಿಸಿ ಎಂದೆ. ಇಷ್ಟು ಹೇಳುವುದರಲ್ಲಿ ಮೂರು ಕಡೆ ಉಸಿರಿಗಾಗಿ ನಿಲ್ಲಬೇಕಾಯಿತು.

ಲ್ಯಾಬ್ ಕೆಲವು ವಾರ ಮುಚ್ಚಿತು. ಹೊಸ ಮಷೀನ್ ಬಂತು, ಸರಿಯಾದ ಮಾಸ್ಕ್ ಬಂತು. ಎಲ್ಲರಿಗೂ ತಪಾಸಣೆಯಾಯಿತು. ರೇಣುಕಾಳ ಸ್ಕ್ಯಾನ್‌ನಲ್ಲಿ ಸಣ್ಣ ಚುಕ್ಕೆಗಳು. ಅವಳು ನನ್ನೊಂದಿಗೆ ಮಾತು ಬಿಟ್ಟಳು. ಎಷ್ಟೋ ದಿನದ ಮೇಲೆ ಇಎಸ್‌ಐ ಆಸ್ಪತ್ರೆಯ ಬೆಂಚಿನಲ್ಲಿ ಬಂದು ಪಕ್ಕ ಕೂತಳು.

"ಶುರುವಲ್ಲೇ ಸಿಕ್ತಂತೆ ಅಕ್ಕಾ," ಎಂದಳು.

ಈಗ ನಮ್ಮಿಬ್ಬರಿಗೂ ಲ್ಯಾಬಿನ ಮುಂದಿನ ಕೋಣೆಯಲ್ಲಿ ಪ್ಯಾಕಿಂಗ್ ಕೆಲಸ. ಮಾಧವ ಸಾರ್ ಕೆಲಸದ ಮಾತಷ್ಟೇ ಆಡುತ್ತಾರೆ. ಸಿಂಚನಾ ಮತ್ತೆ ನನ್ನ ಪಕ್ಕ ಮಲಗುತ್ತಾಳೆ. ಮಳೆಗಾಲದಲ್ಲಿ ಒಂದು ಸಣ್ಣ ನೆಗಡಿಯಾದರೂ ಎದೆ ಝಲ್ಲೆನ್ನುತ್ತದೆ.

ಹೋದ ವಾರ ಮತ್ತೆ ಸ್ಕ್ಯಾನ್ ಆಯಿತು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಬಹಳ ಹೊತ್ತು ನೋಡಿದರು. ನಾಗರಾಜ್ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು.

"ಹೋದ್ಸಲ ಹೇಗಿತ್ತೋ ಹಾಗೇ ಇದೆ," ಎಂದರು ಡಾಕ್ಟರು.

ಗುಣವಾಗಿದೆ ಅನ್ನಲಿಲ್ಲ. ಮುಂದೆ ಏನೂ ಆಗಲ್ಲ ಅಂತಲೂ ಅನ್ನಲಿಲ್ಲ. ಹೊರಗೆ ಬಂದು ನಾವಿಬ್ಬರೂ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತೆವು. ಹಾಗೇ ಇದೆ ಅಂದರಲ್ಲ, ಮುಂದಿನ ಸ್ಕ್ಯಾನ್ ತನಕ ಅಷ್ಟು ಸಾಕು.